ಇಎಂಟಿ ಪರೀಕ್ಷೆ ಪಾಸಾದ ಮೇಲೆ ಮೊದಲ ಕೆಲಸ: ಅಮೆರಿಕದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

"ಪರೀಕ್ಷೆ ಪಾಸಾಗಿ ಮೂರು ತಿಂಗಳಾಯ್ತು. ಇಪ್ಪತ್ತು ಕಡೆ ಅರ್ಜಿ ಹಾಕಿದೆ. ಒಬ್ಬರೂ ಕರೀಲಿಲ್ಲ." ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರು ನನ್ನ ಹತ್ತಿರ ಪದೇ ಪದೇ ಹೇಳುವ ಮಾತು ಇದು. ಕೆಲವು ಸಲ ಅವರ ಅಪ್ಪ ಅಮ್ಮ ಫೋನ್ ಮಾಡಿ ಕೇಳುತ್ತಾರೆ. ನಾನು ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ, ಹೊಸದಾಗಿ ಸೇರಿದವರಿಗೆ ಫೀಲ್ಡ್ ಟ್ರೈನಿಂಗನ್ನೂ ಕೊಡುತ್ತೇನೆ. ಇವರ ಕಾಗದಪತ್ರ ತರಿಸಿ ನೋಡಿದರೆ ಹೆಚ್ಚಿನವರದ್ದು ಒಂದೇ ಕಥೆ. ಓದು ಚೆನ್ನಾಗಿದೆ, ಆದರೆ ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದಾರೆ. ಲೈಸೆನ್ಸ್ ಬರುವ ಮೊದಲೇ ಅರ್ಜಿ ಹಾಕಿದ್ದಾರೆ. ಲಸಿಕೆ ದಾಖಲೆ ಇನ್ನೂ ಊರಲ್ಲೇ ಯಾವುದೋ ಪೆಟ್ಟಿಗೆಯಲ್ಲಿದೆ. ಅರ್ಜಿ ಹಾಕಿದ್ದೆಲ್ಲ ಅಮೆರಿಕದ ತುರ್ತು ನಂಬರ್ 911ಕ್ಕೆ ಬರುವ ಕರೆಗೆ ಹೋಗುವ ಗಾಡಿಗಳಿಗೇ.

ಕೆಲಸ ಇದೆ. ಈ ವೃತ್ತಿಗೆ ಬಂದು ಒಂದೆರಡು ವರ್ಷದಲ್ಲಿ ಬಿಟ್ಟು ಹೋಗುವವರು ಜಾಸ್ತಿ, ಹಾಗಾಗಿ ಜಾಗ ಖಾಲಿ ಆಗುತ್ತಲೇ ಇರುತ್ತದೆ. ಅಲ್ಲಿಗೆ ತಲುಪುವ ದಾರಿಯನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ಕ್ರಮ ಬದಲಿಸಬೇಡಿ.

## ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಫೋಲ್ಡರ್ ಮಾಡಿ, ಕಾಗದದ್ದೂ ಮೊಬೈಲ್‌ನಲ್ಲೂ. ಕೋರ್ಸ್ ಮುಗಿಸಿದ ಸರ್ಟಿಫಿಕೇಟ್, ಎನ್‌ಆರ್‌ಇಎಂಟಿ ಅಂದರೆ ನ್ಯಾಷನಲ್ ರಿಜಿಸ್ಟ್ರಿಯ ಕಾರ್ಡ್, ರಾಜ್ಯದ ಲೈಸೆನ್ಸ್, ಬಿಎಲ್‌ಎಸ್ ಸಿಪಿಆರ್ ಕಾರ್ಡ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ತರಬೇತಿಯದ್ದು), ಡ್ರೈವಿಂಗ್ ಲೈಸೆನ್ಸ್, ಡ್ರೈವಿಂಗ್ ದಾಖಲೆ, ಲಸಿಕೆ ದಾಖಲೆ, ಟಿಬಿ ಪರೀಕ್ಷೆಯ ರಿಪೋರ್ಟ್, ಕೆಲಸ ಮಾಡಲು ಅನುಮತಿಯ ದಾಖಲೆ ಎಲ್ಲವೂ ಅದರಲ್ಲಿರಲಿ. ಪ್ರತಿಯೊಂದರ ಮೇಲೂ ಅವಧಿ ಮುಗಿಯುವ ದಿನ ಬರೆದಿಡಿ.

ಸಿಪಿಆರ್ ಕಾರ್ಡಿನ ಬಗ್ಗೆ ಒಂದು ಮಾತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಪ್ರೊವೈಡರ್ ಕಾರ್ಡಿಗೆ 2 ವರ್ಷದ ಅವಧಿ. ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಯುವ, ಗೊಂಬೆಯ ಎದೆ ಮೇಲೆ ಕೈ ಇಡದೆ ಸಿಗುವ ಕಾರ್ಡುಗಳೂ ಮಾರಾಟಕ್ಕಿವೆ. ಆಂಬ್ಯುಲೆನ್ಸ್ ಕಂಪನಿಗಳು ಅವನ್ನು ಒಪ್ಪುವುದಿಲ್ಲ. ಸಾಮಾನ್ಯ ಜನರಿಗೆ ಕೊಡುವ ಸಿಪಿಆರ್ ಕಾರ್ಡ್ ಕೂಡ ನಡೆಯುವುದಿಲ್ಲ, ಆರೋಗ್ಯ ಸಿಬ್ಬಂದಿಗೆ ಕೊಡುವುದೇ ಬೇಕು.

## ಹಂತ 1: ರಾಜ್ಯದ ಲೈಸೆನ್ಸ್ ತೆಗೆದುಕೊಳ್ಳಿ

ಹೊಸಬರು ಎಡವುವ ಮೊದಲ ಜಾಗ ಇದು. ಎನ್‌ಆರ್‌ಇಎಂಟಿ ಪರೀಕ್ಷೆ ಪಾಸಾದರೆ ನಿಮಗೆ ಸಿಗುವುದು ರಾಷ್ಟ್ರ ಮಟ್ಟದ ಸರ್ಟಿಫಿಕೇಟ್. ನಿಮಗೆ ಇಷ್ಟು ಗೊತ್ತಿದೆ ಎಂದು ಅದು ಹೇಳುತ್ತದೆ, ಅಷ್ಟೇ. ರೋಗಿಯನ್ನು ಮುಟ್ಟುವ ಅಧಿಕಾರ ಕೊಡುವುದು ರಾಜ್ಯ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಬೆರಳಚ್ಚು, ಪೊಲೀಸ್ ದಾಖಲೆಯ ಪರಿಶೀಲನೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಕೌಂಟಿ, ಅಂದರೆ ಜಿಲ್ಲಾ ಮಟ್ಟದ ಇಎಂಎಸ್ (ತುರ್ತು ವೈದ್ಯಕೀಯ ಸೇವೆ) ಏಜೆನ್ಸಿಯ ಮೂಲಕ ನಡೆಯುತ್ತದೆ, ಬೆರಳಚ್ಚನ್ನು ಲೈವ್ ಸ್ಕ್ಯಾನ್ ಕೇಂದ್ರದಲ್ಲಿ ಕೊಡಬೇಕು. ಟೆಕ್ಸಾಸ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆಯೇ ನೋಡಿಕೊಳ್ಳುತ್ತದೆ. ನಿಮ್ಮ ರಾಜ್ಯದ ಇಎಂಎಸ್ ಆಫೀಸಿನ ವೆಬ್‌ಸೈಟನ್ನು ಮೊದಲಿಂದ ಕೊನೆವರೆಗೆ ಓದಿ. ಬೇರೆ ರಾಜ್ಯದ ಗೆಳೆಯ ಹೇಳಿದ್ದನ್ನು ನಂಬಿ ಕೂರಬೇಡಿ.

ಬೆರಳಚ್ಚಿನ ಪರಿಶೀಲನೆಗೆ ಕೆಲವು ಸಲ ವಾರಗಳೇ ಹಿಡಿಯುತ್ತವೆ. ಪರೀಕ್ಷೆ ಪಾಸಾದ ವಾರದಲ್ಲೇ ಈ ಅರ್ಜಿ ಹಾಕಿ.

ಇನ್ನು ಹೆಸರಿನ ತೊಂದರೆ. ನಮ್ಮವರಿಗೆ ಇದು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಕೆಲವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು. ಹಾಗಿದ್ದಾಗ ಅಮೆರಿಕದ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂತುಬಿಡುತ್ತದೆ. ಎನ್‌ಆರ್‌ಇಎಂಟಿ ಖಾತೆಯಲ್ಲಿ ಒಂದು ರೀತಿ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸ್ ಕಳಿಸಬಹುದು. ರಾಜ್ಯದ ಅರ್ಜಿಯೂ ಅಲ್ಲೇ ನಿಂತುಬಿಡಬಹುದು. ಸರ್ಕಾರಿ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ, ಎಲ್ಲ ಕಡೆ ಬರೆಯಿರಿ. ತಪ್ಪಾಗಿದ್ದರೆ ಇವತ್ತೇ ಸರಿ ಮಾಡಿಸಿ.

ರಾಜ್ಯ ಬದಲಿಸುವ ಯೋಚನೆ ಇದ್ದರೆ ಇಎಂಎಸ್ ಕಾಂಪ್ಯಾಕ್ಟ್ ಎಂಬ ರಾಜ್ಯಗಳ ಒಪ್ಪಂದದ ಬಗ್ಗೆ ತಿಳಿದಿರಲಿ. ಇದರಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿವೆ. ಒಂದು ಸದಸ್ಯ ರಾಜ್ಯದ ಲೈಸೆನ್ಸ್ ಇದ್ದರೆ ನಿಯಮಕ್ಕೆ ಒಳಪಟ್ಟು ಇನ್ನೊಂದರಲ್ಲೂ ಕೆಲಸ ಮಾಡಬಹುದು. ಆದರೆ ನಮ್ಮವರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಇದರಲ್ಲಿಲ್ಲ.

## ಹಂತ 2: ಕೆಲಸ ಮಾಡುವ ಹಕ್ಕು ಇದೆಯಾ ನೋಡಿಕೊಳ್ಳಿ

ಸಿಟಿಜನ್ ಆಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಉಳಿದವರು ನಿಧಾನವಾಗಿ ಓದಿ. ಸೇರುವ ದಿನ ಕೆಲಸ ಮಾಡುವ ಹಕ್ಕು ಇದೆ ಎಂದು ತೋರಿಸುವ ಐ-9 ಫಾರ್ಮ್ ತುಂಬಲೇಬೇಕು. ಎಚ್-4 ವೀಸಾದಲ್ಲಿ (ಎಚ್ ವೀಸಾದಲ್ಲಿ ಕೆಲಸ ಮಾಡುವವರ ಮನೆಯವರದ್ದು) ಇರುವವರಿಗೆ ಇಎಡಿ ಎಂಬ ಕೆಲಸದ ಅನುಮತಿ ಕಾರ್ಡ್ ಇಲ್ಲದೆ ಕೆಲಸ ಮಾಡಲು ಬರುವುದಿಲ್ಲ. ಎಫ್-1 ವಿದ್ಯಾರ್ಥಿಗಳು ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿದರೆ ವೀಸಾಕ್ಕೇ ಕುತ್ತು. "ಹಾಗಾದರೆ ವಾಲಂಟಿಯರ್ ಆಗಿ ಸೇರ್ತೀನಿ" ಅಂತ ಹಲವರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡಿದರೂ ಅದು ಅನುಮತಿಯಿಲ್ಲದ ದುಡಿಮೆ ಎಂದು ಲೆಕ್ಕವಾಗುವ ಅಪಾಯ ಇದೆ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್ ಅಥವಾ ಇಮಿಗ್ರೇಷನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

## ಹಂತ 3: ಲಸಿಕೆ ಮತ್ತು ಟಿಬಿ ಪರೀಕ್ಷೆ

ಕೆಲಸದ ಆಫರ್ ಬಂದ ಮೇಲೂ ಜನ ತಿಂಗಳುಗಟ್ಟಲೆ ಕಾಯುವುದು ಈ ಹಂತದಲ್ಲಿ. ಕಾರಣ ಸುಲಭ: ಲಸಿಕೆಯ ಡೋಸ್‌ಗಳ ನಡುವಿನ ಅಂತರವನ್ನು ಯಾರೂ ಕಡಿಮೆ ಮಾಡಲು ಆಗುವುದಿಲ್ಲ.

ಸಾಮಾನ್ಯವಾಗಿ ಕೇಳುವುದು ಹೆಪಟೈಟಿಸ್ ಬಿ, ಎಂಎಂಆರ್ (ದಡಾರ, ಮಂಗನ ಬಾವು, ರುಬೆಲ್ಲಾ), ಚಿಕನ್‌ಪಾಕ್ಸ್ ಅಂದರೆ ಸೀತಾಳೆ ಸಿಡುಬು, ಟಿಡ್ಯಾಪ್ (ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು) ಮತ್ತು ಆ ವರ್ಷದ ಫ್ಲೂ ಲಸಿಕೆ. ಚಿಕ್ಕಂದಿನಲ್ಲಿ ಹಾಕಿಸಿದ ಕಾರ್ಡ್ ಸಿಗದಿದ್ದರೆ ಗಾಬರಿ ಬೇಡ. ಟೈಟರ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ರೋಗನಿರೋಧಕ ಅಂಶ ಸಾಕಷ್ಟಿದ್ದರೆ ಆ ರಿಪೋರ್ಟೇ ಸಾಕ್ಷಿ. ಇಲ್ಲದಿದ್ದರೆ ಎಂಎಂಆರ್‌ಗೆ 2 ಡೋಸ್, ನಡುವೆ ಕನಿಷ್ಠ 28 ದಿನ. ಹೆಪಟೈಟಿಸ್ ಬಿ ಹಳೆಯ ಕ್ರಮದಲ್ಲಿ 3 ಡೋಸ್, ಪೂರ್ತಿ ಮುಗಿಯಲು 6 ತಿಂಗಳು. ಅಷ್ಟು ದಿನ ಕೆಲಸಕ್ಕೆ ಕಾಯಬೇಕಿಲ್ಲ. ಮೊದಲ ಡೋಸ್ ಹಾಕಿಸಿ, ಉಳಿದದ್ದು ನಡೆಯುತ್ತಿದೆ ಎಂದು ತೋರಿಸಿದರೆ ಬಹಳ ಕಂಪನಿಗಳು ಒಪ್ಪುತ್ತವೆ. ಇನ್ನೂ ಒಂದು ವಿಷಯ: ರಕ್ತದ ಸಂಪರ್ಕಕ್ಕೆ ಬರುವ ಕೆಲಸಗಾರರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಕಂಪನಿಯೇ ಉಚಿತವಾಗಿ ಕೊಡಬೇಕು ಎಂದು ಕಾರ್ಮಿಕ ಸುರಕ್ಷತಾ ಇಲಾಖೆ ಓಷಾದ ನಿಯಮ ಇದೆ. ಅದಕ್ಕೆ ನಿಮ್ಮ ಸಂಬಳದಿಂದ ದುಡ್ಡು ಕತ್ತರಿಸಿದರೆ ಸುಮ್ಮನಿರಬೇಡಿ.

ಟಿಬಿ ಪರೀಕ್ಷೆಗೆ ಬರೋಣ. ಭಾರತದಲ್ಲಿ ಹುಟ್ಟಿದವರು ಇದನ್ನು ಎರಡು ಸಲ ಓದಿ. ಹುಟ್ಟಿದಾಗ ನಮಗೆ ಟಿಬಿ ಲಸಿಕೆ ಬಿಸಿಜಿ ಹಾಕಿರುತ್ತಾರೆ. ತೋಳಿನ ಮೇಲಿನ ಆ ಸಣ್ಣ ಗುಳಿ ಅದರದ್ದೇ. ಇಲ್ಲಿ ಮುಂಗೈ ಚರ್ಮದೊಳಗೆ ಸೂಜಿ ಚುಚ್ಚಿ, 48ರಿಂದ 72 ಗಂಟೆ ಒಳಗೆ ಊತ ಅಳೆಯುವ ಪರೀಕ್ಷೆ ಮಾಡುತ್ತಾರೆ. ಬಿಸಿಜಿ ಹಾಕಿಸಿಕೊಂಡವರಲ್ಲಿ ಟಿಬಿ ಇಲ್ಲದಿದ್ದರೂ ಆ ಜಾಗ ಊದಬಹುದು. ಆಗ ಪಾಸಿಟಿವ್ ಎಂದು ಬರೆದು ಎಕ್ಸ್‌ರೇ, ಮತ್ತೆ ಡಾಕ್ಟರು, ಮತ್ತೆ ಕಾಗದ ಅಂತ ಓಡಾಟ ಶುರುವಾಗುತ್ತದೆ. ಕ್ವಾಂಟಿಫೆರಾನ್‌ನಂಥ ರಕ್ತ ಪರೀಕ್ಷೆಗೆ ಬಿಸಿಜಿಯಿಂದ ತೊಂದರೆ ಇಲ್ಲ. ಕ್ಲಿನಿಕ್‌ನಲ್ಲಿ "ನನಗೆ ಬಿಸಿಜಿ ಆಗಿದೆ, ರಕ್ತ ಪರೀಕ್ಷೆಯನ್ನೇ ಮಾಡಿ" ಎಂದು ಮೊದಲೇ ಹೇಳಿ. ನನ್ನ ತೋಳು ರೂಪಾಯಿ ನಾಣ್ಯದಷ್ಟಗಲ ಕೆಂಪಗೆ ಊದಿಕೊಂಡಾಗ ಇದನ್ನು ಹೇಳಿಕೊಡಲು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರುವ ದಿನ ಮೂರು ವಾರ ಮುಂದೆ ಹೋಯಿತು.

ಇಲ್ಲೂ ಕ್ರಮ ಮುಖ್ಯ. ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆಗಳು ಟಿಬಿ ಪರೀಕ್ಷೆಯ ಫಲಿತಾಂಶವನ್ನು ಕೆಡಿಸಬಹುದು. ಟಿಬಿ ಪರೀಕ್ಷೆಯನ್ನು ಲಸಿಕೆಗಿಂತ ಮೊದಲು ಅಥವಾ ಅದೇ ದಿನ ಮಾಡಿಸಿ. ತಪ್ಪಿದರೆ 4 ವಾರ ಕಾಯಬೇಕು.

## ಹಂತ 4: ಡ್ರೈವಿಂಗ್ ದಾಖಲೆ

ಇಬ್ಬರ ತಂಡದಲ್ಲಿ ಒಬ್ಬರು ಗಾಡಿ ಓಡಿಸುತ್ತಾರೆ, ಒಬ್ಬರು ಹಿಂದೆ ರೋಗಿಯ ಜೊತೆ ಇರುತ್ತಾರೆ. ಗಾಡಿ ಓಡಿಸಲು ಬಾರದ ಇಎಂಟಿಯನ್ನು ತೆಗೆದುಕೊಳ್ಳುವ ಕಂಪನಿ ಕಡಿಮೆ. ಭಾರತದ ಲೈಸೆನ್ಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಲೈಸೆನ್ಸ್ ಎಷ್ಟು ವರ್ಷ ಹಳೆಯದು, ಅದರ ಮೇಲೆ ಎಷ್ಟು ಟಿಕೆಟ್ (ಸಂಚಾರ ನಿಯಮ ಮುರಿದ ದಂಡ) ಇವೆ ಎಂದು ಇನ್ಶೂರೆನ್ಸ್‌ನವರು ನೋಡುತ್ತಾರೆ. 18 ತುಂಬಿದರೆ ಇಎಂಟಿ ಆಗಬಹುದು, ಆದರೆ 21 ಆಗದವರಿಗೆ ಗಾಡಿ ಕೊಡದ ಕಂಪನಿಗಳೂ ಇವೆ. ಅರ್ಜಿ ಹಾಕುವ ಮೊದಲೇ ಫೋನ್ ಮಾಡಿ ವಯಸ್ಸಿನ ನಿಯಮ ಕೇಳಿ.

ನಮ್ಮ ಆರ್‌ಟಿಒ ಇದ್ದ ಹಾಗಿರುವ ಡಿಎಂವಿಯಿಂದ ನಿಮ್ಮ ಡ್ರೈವಿಂಗ್ ದಾಖಲೆ ತರಿಸಿ ನೀವೇ ಮೊದಲು ಓದಿ. ಮರೆತೇಹೋದ ಹಳೆಯ ಟಿಕೆಟ್ ಅಲ್ಲಿ ಕೂತಿರುತ್ತದೆ. ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಟಿಕೆಟ್‌ಗಿಂತ ಆ ಸುಳ್ಳೇ ಜಾಸ್ತಿ ಹೊಡೆತ ಕೊಡುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಡಿಎಂವಿಯಿಂದ ಆಂಬ್ಯುಲೆನ್ಸ್ ಡ್ರೈವರ್ ಸರ್ಟಿಫಿಕೇಟ್ ಬೇರೆ ಬೇಕು, ಅದಕ್ಕೆ ವೈದ್ಯಕೀಯ ತಪಾಸಣೆಯ ಕಾಗದವೂ ಬೇಕು. ತುರ್ತು ವಾಹನ ಓಡಿಸುವ ಇವಿಒಸಿ ತರಬೇತಿ ಇದ್ದರೆ ಒಳ್ಳೆಯದು. ಹಲವು ಕಂಪನಿಗಳು ಸೇರಿದ ಮೇಲೆ ತಾವೇ ಕೊಡಿಸುತ್ತವೆ, ಹಾಗಾಗಿ ಮೊದಲೇ ಕೈಯಿಂದ ಖರ್ಚು ಮಾಡಬೇಡಿ.

ಡ್ರಗ್ ಟೆಸ್ಟ್ ಕೂಡ ಈ ಹಂತಕ್ಕೇ ಸೇರಿದ್ದು. ನಿಮ್ಮ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಇರಬಹುದು. ಆಂಬ್ಯುಲೆನ್ಸ್ ಕೆಲಸದಲ್ಲಿ ಅದರಿಂದಲೇ ಆಫರ್ ಕಳೆದುಕೊಂಡವರಿದ್ದಾರೆ.

## ಹಂತ 5: ಎಲ್ಲಿ ಅರ್ಜಿ ಹಾಕಬೇಕು

ಮೊದಲು ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ಮೇ 2023ರಲ್ಲಿ ಇಎಂಟಿಗಳ ಮಧ್ಯಮ ವಾರ್ಷಿಕ ಸಂಬಳ 38,930 ಡಾಲರ್. ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ. ಹೊಸಬರು ಆ ಕೆಳಗಿನ ಅರ್ಧದಲ್ಲಿ ಇರುತ್ತಾರೆ. ಅದೇ ಇಎಂಟಿಗಿಂತ ಮೇಲಿನ ಹಂತದ ಪ್ಯಾರಾಮೆಡಿಕ್‌ಗಳಿಗೆ 53,180 ಡಾಲರ್. ಮನೆ ಬಾಡಿಗೆ ಜಾಸ್ತಿ ಇರುವ ಊರಲ್ಲಿ ಇಎಂಟಿ ಸಂಬಳ ಒಂದರಲ್ಲೇ ಸಂಸಾರ ನಡೆಸುವುದು ಕಷ್ಟ. ಇದನ್ನು ತಿಳಿದುಕೊಂಡೇ ಬನ್ನಿ.

ಈಗ ಜಾಗಗಳು. ಹೊಸಬರಿಗೆ ಬಾಗಿಲು ಬೇಗ ತೆರೆಯುವುದು ಐಎಫ್‌ಟಿ ಕಂಪನಿಗಳಲ್ಲಿ. ಆಸ್ಪತ್ರೆಯಿಂದ ನರ್ಸಿಂಗ್ ಹೋಮ್‌ಗೆ (ಇಲ್ಲಿ ಅದು ವಯಸ್ಸಾದವರನ್ನು, ಆರೈಕೆ ಬೇಕಾದವರನ್ನು ಇಟ್ಟು ನೋಡಿಕೊಳ್ಳುವ ಜಾಗ), ನರ್ಸಿಂಗ್ ಹೋಮ್‌ನಿಂದ ಡಯಾಲಿಸಿಸ್‌ಗೆ, ಅಲ್ಲಿಂದ ವಾಪಸ್ ರೋಗಿಗಳನ್ನು ಸಾಗಿಸುವ ಕೆಲಸ ಅದು. "ಅದು ಟ್ಯಾಕ್ಸಿ ಓಡಿಸಿದ ಹಾಗೆ" ಎಂದು ಮೂಗು ಮುರಿಯುವವರನ್ನು ನೋಡಿದ್ದೇನೆ. ನನಗೆ ಈ ಮಾತು ಕೇಳಿದರೆ ಬೇಜಾರಾಗುತ್ತದೆ. ಡಯಾಲಿಸಿಸ್ ರೋಗಿ ವಾರಕ್ಕೆ ಮೂರು ಸಲ ನಿಮ್ಮ ಗಾಡಿ ಹತ್ತುತ್ತಾರೆ. ಸೋಮವಾರ ನಗುತ್ತಾ ಮಾತಾಡಿದವರು ಶುಕ್ರವಾರ ಮಂಕಾಗಿ, ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರೆ ಅದನ್ನು ಮೊದಲು ಗಮನಿಸಬೇಕಾದವರು ನೀವು. ಔಷಧಿ ಪಟ್ಟಿ ಓದುವುದು, ಕಾಯಿಲೆ ಇರುವ ದೇಹವನ್ನು ನೋಡಿ ನೋಡಿ ಕಣ್ಣು ಪಳಗುವುದು, ಸ್ಟ್ರೆಚರ್ ಮೇಲೆ ಕೈ ಕೂರುವುದು, ವಯಸ್ಸಾದವರ ಜೊತೆ ಮಾತಾಡಲು ಕಲಿಯುವುದು ಎಲ್ಲ ಇಲ್ಲೇ ಆಗುತ್ತದೆ.

ಎರಡನೆಯದು 911 ಕರೆಗಳಿಗೆ ಹೋಗುವ ಸೇವೆಗಳು. ಇವು ಊರಿನಿಂದ ಊರಿಗೆ ಬೇರೆ. ಕೆಲವು ಕಡೆ ಎಎಂಆರ್‌ನಂಥ ಖಾಸಗಿ ಕಂಪನಿ ನಡೆಸುತ್ತದೆ. ಬಾಸ್ಟನ್, ಆಸ್ಟಿನ್‌ನಂಥ ಕಡೆ ಪೊಲೀಸ್, ಅಗ್ನಿಶಾಮಕ ಎರಡೂ ಅಲ್ಲದ ಪ್ರತ್ಯೇಕ ಸರ್ಕಾರಿ ಇಎಂಎಸ್ ಇಲಾಖೆ ಇದೆ. ನ್ಯೂಯಾರ್ಕ್ ನಗರದಲ್ಲಿ ಎಫ್‌ಡಿಎನ್‌ವೈ, ಅಂದರೆ ಅಗ್ನಿಶಾಮಕ ಇಲಾಖೆಯ ಕೆಳಗೇ ಇಎಂಟಿಗಳಿದ್ದಾರೆ. ಸರ್ಕಾರಿ ಕೆಲಸಗಳಿಗೆ ಪರೀಕ್ಷೆ, ಪಟ್ಟಿ, ಸರದಿ ಇರುತ್ತದೆ. ತಿಂಗಳುಗಳೇ ಬೇಕು. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಕೈ ಬಳಸದಿದ್ದರೆ ಕಲಿತದ್ದು ಮರೆತುಹೋಗುತ್ತದೆ.

ಮೂರನೆಯದು ಆಸ್ಪತ್ರೆಯ ಎಮರ್ಜೆನ್ಸಿ ರೂಮ್ ಟೆಕ್ನಿಷಿಯನ್ ಕೆಲಸ. ಮೆಡಿಕಲ್ ಕಾಲೇಜಿಗೆ ತಯಾರಾಗುವವರು ಇದನ್ನೇ ಬಯಸುತ್ತಾರೆ, ಹಾಗಾಗಿ ಪೈಪೋಟಿ ಜಾಸ್ತಿ. ಹೆಚ್ಚಿನ ಕಡೆ ಅನುಭವ ಕೇಳುತ್ತಾರೆ, ರಕ್ತ ತೆಗೆಯಲು ಬಂದರೆ ಬೆಲೆ ಹೆಚ್ಚು. ನಾಲ್ಕನೆಯದು ಸ್ವಯಂಸೇವಕ ದಳಗಳು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾ ಕಡೆ ಇವು ಇನ್ನೂ ಗಟ್ಟಿಯಾಗಿವೆ. ಸಂಬಳ ಇಲ್ಲ, ಆದರೆ 911 ಅನುಭವ ಬೇಗ ಸಿಗುತ್ತದೆ. ಹಂತ 2ರ ವೀಸಾ ಎಚ್ಚರಿಕೆ ಇಲ್ಲಿ ನೆನಪಿರಲಿ. ಇವಲ್ಲದೆ ಕ್ರೀಡಾಂಗಣ, ಸಮ್ಮರ್ ಕ್ಯಾಂಪ್, ಸಿನಿಮಾ ಶೂಟಿಂಗ್, ದೊಡ್ಡ ಕಾರ್ಖಾನೆಗಳಲ್ಲೂ ಇಎಂಟಿ ಬೇಕಾಗುತ್ತಾರೆ.

ನನ್ನ ಸಲಹೆ: ಮೊದಲ ವಾರದಲ್ಲಿ ಐದು ಐಎಫ್‌ಟಿ, ಎರಡು 911 ಕಡೆ ಅರ್ಜಿ ಹಾಕಿ. ಅರ್ಜಿ ಹಾಕಿ ಐದು ದಿನ ಕಳೆದ ಮೇಲೆ ಫೋನ್ ಮಾಡಿ. ಸಾಧ್ಯವಾದರೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಫೋಲ್ಡರ್ ಹಿಡಿದು ಸ್ಟೇಷನ್‌ಗೇ ಹೋಗಿ ಬನ್ನಿ. ಸಣ್ಣ ಕಂಪನಿಗಳಲ್ಲಿ ಇದು ಇವತ್ತಿಗೂ ಕೆಲಸ ಮಾಡುತ್ತದೆ.

## ಹಂತ 6: ರೆಸ್ಯೂಮೆ

ಒಂದೇ ಪುಟ. ಮೇಲ್ಗಡೆ ಲೈಸೆನ್ಸ್ ನಂಬರ್‌ಗಳು, ಅವುಗಳ ಅವಧಿ, ಬಿಎಲ್‌ಎಸ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್. ಆಮೇಲೆ ನೀವು ಯಾವ ಶಿಫ್ಟ್‌ಗಳಿಗೆ ಸಿಗುತ್ತೀರಿ ಎಂಬುದು. ರಾತ್ರಿ ಪಾಳಿ, ವಾರಾಂತ್ಯಕ್ಕೆ ಒಪ್ಪುವವರ ಅರ್ಜಿ ಮೇಲೆ ಬರುತ್ತದೆ. ಗೊತ್ತಿರುವ ಭಾಷೆಗಳನ್ನು ಬರೆಯಿರಿ: ಕನ್ನಡ, ಹಿಂದಿ, ತಮಿಳು, ತೆಲುಗು, ಏನು ಬಂದರೂ. ಹೋಟೆಲ್, ಅಂಗಡಿಯಲ್ಲಿ ಮಾಡಿದ ಕೆಲಸವನ್ನು ಕೀಳಾಗಿ ನೋಡಿ ಬಿಟ್ಟುಬಿಡಬೇಡಿ. ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡಿದವರಿಗೆ ಗಾಬರಿಯಾದ ಮನೆಯವರನ್ನೂ ಸಮಾಧಾನ ಮಾಡಲು ಬರುತ್ತದೆ.

ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಐಎಸ್-100 ಮತ್ತು ಐಎಸ್-700 ಕೋರ್ಸ್‌ಗಳು ಆನ್‌ಲೈನ್‌ನಲ್ಲಿ ಉಚಿತ. ಎರಡನ್ನೂ ಒಂದು ವಾರಾಂತ್ಯದಲ್ಲಿ ಮುಗಿಸಬಹುದು, ಸರ್ಕಾರಿ ಸೇವೆಗಳಲ್ಲಿ ಕೇಳುತ್ತಾರೆ. ಬೇರೆ ಸರ್ಟಿಫಿಕೇಟ್‌ಗಳ ಹಿಂದೆ ದುಡ್ಡು ಸುರಿಯುವುದು ಈಗ ಬೇಡ.

## ಹಂತ 7: ಸಂದರ್ಶನ, ಸಿನಾರಿಯೊ, ಭಾರ ಎತ್ತುವ ಪರೀಕ್ಷೆ

ಸಂದರ್ಶನದಲ್ಲಿ ಒಂದು ಕಥೆ ಕೊಡುತ್ತಾರೆ: "55 ವರ್ಷದ ಗಂಡಸು, ಎದೆ ನೋವು. ಏನು ಮಾಡ್ತೀರಿ?" ಹೊಸಬರು ನೇರ ಔಷಧಿಗೆ ಹಾರುತ್ತಾರೆ. ಅಲ್ಲೇ ಸೋಲುವುದು. ಕೇಳುವವರು ನೋಡುವುದು ನಿಮ್ಮ ಕ್ರಮವನ್ನು.

ಬಾಯಿಬಿಟ್ಟು ಹೀಗೆ ಹೇಳುತ್ತಾ ಹೋಗಿ. ಗ್ಲವ್ಸ್ ಹಾಕಿದೆ. ಜಾಗ ಸುರಕ್ಷಿತವಾಗಿದೆಯಾ ನೋಡಿದೆ. ಎಷ್ಟು ರೋಗಿಗಳು? ಪ್ಯಾರಾಮೆಡಿಕ್ ಗಾಡಿ ಬೇಕೆಂದು ಕರೆದೆ. ರೋಗಿಯ ಬಣ್ಣ, ಬೆವರು, ಉಸಿರು ನೋಡಿದೆ. ನಾಡಿ, ಬಿಪಿ, ಆಕ್ಸಿಜನ್ ಪ್ರಮಾಣ. ನೋವು ಯಾವಾಗ ಶುರುವಾಯ್ತು, ಹೇಗಿದೆ, ಎಲ್ಲಿಗೆ ಹರಡುತ್ತಿದೆ? ಅಲರ್ಜಿ ಇದೆಯಾ, ರಕ್ತಸ್ರಾವ ಆಗ್ತಿದೆಯಾ? ಇಲ್ಲ ಎಂದಾದರೆ, ನಮ್ಮ ಪ್ರೊಟೊಕಾಲ್‌ನಲ್ಲಿ (ಚಿಕಿತ್ಸೆಯ ಲಿಖಿತ ನಿಯಮಗಳಲ್ಲಿ) ಇದ್ದರೆ, 324 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡುತ್ತೇನೆ. ರೋಗಿಯದ್ದೇ ನೈಟ್ರೋಗ್ಲಿಸರಿನ್ (ಎದೆ ನೋವಿನ ಔಷಧಿ) ಇದ್ದರೆ ಬಿಪಿ ಎಷ್ಟು, ಇತ್ತೀಚೆಗೆ ವಯಾಗ್ರಾ ಜಾತಿಯ ಮಾತ್ರೆ ತೆಗೆದುಕೊಂಡಿದ್ದಾರಾ ಎಂದು ಕೇಳದೆ ಮುಟ್ಟುವುದಿಲ್ಲ.

ಈ ಕೊನೆಯ ಪ್ರಶ್ನೆ ಕೇಳಲು ನಮ್ಮ ಹುಡುಗರು ತುಂಬಾ ಸಂಕೋಚ ಪಡುತ್ತಾರೆ. ಅಣಕು ಸಂದರ್ಶನದಲ್ಲಿ ಒಬ್ಬ ಹುಡುಗ ಅದನ್ನು ಕೇಳಲು ಮೂರು ಸಲ ಬಾಯಿ ತೆರೆದು ಮುಚ್ಚಿದ. ಆ ಮಾತ್ರೆಯ ಮೇಲೆ ನೈಟ್ರೋಗ್ಲಿಸರಿನ್ ಕೊಟ್ಟರೆ ಬಿಪಿ ಕುಸಿದು ರೋಗಿ ಸಾಯಬಹುದು. ಕನ್ನಡಿ ಮುಂದೆ ನಿಂತು ಹತ್ತು ಸಲ ಗಟ್ಟಿಯಾಗಿ ಕೇಳಿ ಅಭ್ಯಾಸ ಮಾಡಿ, ಸಂಕೋಚ ಹೋಗುತ್ತದೆ.

ಇದೇ ರೀತಿ ಪ್ರಜ್ಞೆ ತಪ್ಪಿದವರು, ಸಕ್ಕರೆ ಕಾಯಿಲೆಯವರು, ಸ್ಟ್ರೋಕ್, ಬಿದ್ದ ಮುದುಕರು, ಉಬ್ಬಸ, ಈ ಐದು ಕಥೆಗಳನ್ನು ತಯಾರು ಮಾಡಿ. ಸ್ಟ್ರೋಕ್ ಕಥೆಯಲ್ಲಿ "ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಎಂಬ ಪ್ರಶ್ನೆ ಮರೆಯಬೇಡಿ. ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ಪ್ರೊಟೊಕಾಲ್ ನೋಡ್ತೀನಿ, ಮೆಡಿಕಲ್ ಕಂಟ್ರೋಲ್‌ಗೆ ಕರೆ ಮಾಡ್ತೀನಿ" ಅನ್ನಿ. ಮೆಡಿಕಲ್ ಕಂಟ್ರೋಲ್ ಅಂದರೆ ಕರೆ ಮಾಡಿದಾಗ ಸಲಹೆ ಕೊಡುವ ಡಾಕ್ಟರು. ಊಹೆ ಮಾಡಿ ಹೇಳುವವರನ್ನು ಯಾರೂ ಗಾಡಿಗೆ ಹತ್ತಿಸಿಕೊಳ್ಳುವುದಿಲ್ಲ.

ಭಾರ ಎತ್ತುವ ಪರೀಕ್ಷೆಯಲ್ಲಿ ಸ್ಟ್ರೆಚರ್, ಸ್ಟೇರ್ ಚೇರ್ (ರೋಗಿಯನ್ನು ಕೂರಿಸಿ ಮೆಟ್ಟಿಲಲ್ಲಿ ಸಾಗಿಸುವ ಕುರ್ಚಿ), ಮೆಟ್ಟಿಲು ಇರುತ್ತವೆ. ಬೆನ್ನು ಬಗ್ಗಿಸಿ ಎತ್ತಿದರೆ ಎಷ್ಟೇ ಶಕ್ತಿ ಇದ್ದರೂ ಅಂಕ ಇಲ್ಲ. ತೊಡೆಯ ಬಲದಿಂದ ಏಳಿ, ಭಾರವನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ, ಎತ್ತುವ ಮೊದಲು ಜೊತೆಯವರಿಗೆ ಎಣಿಸಿ ಹೇಳಿ. ಆರು ವಾರ ಮೊದಲೇ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ ಶುರು ಮಾಡಿ. ಈ ಕೆಲಸ ಬಿಡುವವರಲ್ಲಿ ಬೆನ್ನು ಹೋಗಿ ಬಿಡುವವರು ಬಹಳ ಜನ.

## ಹಂತ 8: ಆಫರ್ ಬಂದಾಗ ಈ ಸೂಚನೆಗಳನ್ನು ನೋಡಿ

ಖುಷಿಯಲ್ಲಿ ತಕ್ಷಣ ಸಹಿ ಹಾಕಬೇಡಿ. ಟ್ರೈನಿಂಗ್ ದಿನಗಳಿಗೆ ಸಂಬಳ ಇದೆಯಾ? ಎಷ್ಟು ದಿನ ಟ್ರೈನರ್ ಜೊತೆ ಇರುತ್ತೀರಿ? ಬೇಗ ಬಿಟ್ಟರೆ ದುಡ್ಡು ವಾಪಸ್ ಕೊಡಬೇಕೆಂಬ ಷರತ್ತು ಇದೆಯಾ? ಮುಂದಿನ ಪಾಳಿಯವರು ಬಾರದಿದ್ದರೆ ನಿಮ್ಮನ್ನು ಎಷ್ಟು ಗಂಟೆ ಹಿಡಿದಿಡುತ್ತಾರೆ? "ಟ್ರೈನಿಂಗ್ ಎಲ್ಲ ಏನೂ ಬೇಡ, ನಾಳೆಯಿಂದಲೇ ಬಾ" ಎಂದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಅಂಗಳದಲ್ಲಿ ನಿಂತ ಗಾಡಿಗಳ ಟೈರ್ ನೋಡಿ. ಒಳಗೆ ಇಣುಕಲು ಬಿಟ್ಟರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಎಇಡಿಯ ಪ್ಯಾಡ್‌ಗಳ ಮೇಲಿನ ದಿನಾಂಕ ನೋಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ರಿಪೋರ್ಟ್ ತಿದ್ದಿಸುವುದು. ಮುಂಚೆಯೇ ಗೊತ್ತಾದ, ತುರ್ತಲ್ಲದ ಪ್ರಯಾಣಗಳಿಗೆ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಕೊಡಬೇಕಾದರೆ ರೋಗಿಗೆ ಆಂಬ್ಯುಲೆನ್ಸ್ ನಿಜವಾಗಿ ಬೇಕು ಎಂಬ ಡಾಕ್ಟರ ಕಾಗದ ಬೇಕು. ನಿಮ್ಮ ರಿಪೋರ್ಟ್ ಕೂಡ ಅದಕ್ಕೆ ಹೊಂದಬೇಕು. ನಡೆದುಕೊಂಡು ಬಂದು ಗಾಡಿ ಹತ್ತಿದ ರೋಗಿಯನ್ನು "ಹಾಸಿಗೆ ಹಿಡಿದವರು ಎಂದು ಬರೆ" ಎಂದು ಯಾರಾದರೂ ಒತ್ತಾಯಿಸಿದರೆ ಅದು ಸರ್ಕಾರಕ್ಕೆ ಮಾಡುವ ಮೋಸ. ಸಹಿ ನಿಮ್ಮದು, ಲೈಸೆನ್ಸ್ ನಿಮ್ಮದು. ಕಂಡದ್ದನ್ನೇ ಬರೆಯಿರಿ, ಬೇರೆ ಕಂಪನಿ ಹುಡುಕಿ.

## ಹಂತ 9: ಮೊದಲ ಪಾಳಿಗಳು

ಕೊಳ್ಳಬೇಕಾದ್ದು ಸ್ವಲ್ಪವೇ. ಒಂದು ಒಳ್ಳೆಯ ಸ್ಟೆತಸ್ಕೋಪ್, ಟ್ರಾಮಾ ಕತ್ತರಿ, ಪೆನ್‌ಲೈಟ್, ಸೆಕೆಂಡ್ ಮುಳ್ಳಿನ ವಾಚ್, ಜೇಬಿನ ಪುಸ್ತಕ, ಕಾಲ್ಬೆರಳು ಕಾಪಾಡುವ ಗಟ್ಟಿ ಬೂಟು. ಬೂಟಿಗೆ ಮಾತ್ರ ಜಿಪುಣತನ ಬೇಡ. ಬೆನ್ನಿಗೆ ಹಾಕುವ ದೊಡ್ಡ ಮೆಡಿಕಲ್ ಬ್ಯಾಗ್ ಕೊಳ್ಳಬೇಡಿ, ಗಾಡಿಯಲ್ಲಿ ಎಲ್ಲ ಇರುತ್ತದೆ.

ಪಾಳಿ ಶುರುವಾದ ಕೂಡಲೇ ಗಾಡಿ ತಪಾಸಣೆ. ಇಲ್ಲಿ ಹೊಸಬರು ಮಾಡುವ ಒಂದು ತಪ್ಪು ತೋರಿಸುತ್ತೇನೆ. ಡಿ ಸೈಜಿನ ಸಣ್ಣ ಆಕ್ಸಿಜನ್ ಸಿಲಿಂಡರ್‌ನ ಮೀಟರ್ ನೋಡಿ "ಗ್ಯಾಸ್ ಇದೆ" ಎಂದು ಟಿಕ್ ಹಾಕುತ್ತಾರೆ. ಎಷ್ಟು ನಿಮಿಷಕ್ಕೆ ಇದೆ ಎಂದು ಲೆಕ್ಕ ಹಾಕುವುದಿಲ್ಲ. ತುಂಬಿದ ಸಿಲಿಂಡರ್‌ನ ಒತ್ತಡ ಸುಮಾರು 2000 ಪಿಎಸ್‌ಐ. ಮೀಟರ್ 500 ತೋರಿಸುತ್ತಿದೆ ಅಂದುಕೊಳ್ಳಿ. ಅದರಲ್ಲಿ 200 ಕಳೆಯಿರಿ, ಅದು ಮುಟ್ಟಬಾರದ ಉಳಿಕೆ. 300 ಉಳಿಯಿತು. ಅದನ್ನು ಡಿ ಸಿಲಿಂಡರ್‌ನ ಲೆಕ್ಕದ ಅಂಕಿ 0.16ರಿಂದ ಗುಣಿಸಿದರೆ 48 ಲೀಟರ್. ನಿಮಿಷಕ್ಕೆ 15 ಲೀಟರ್‌ನಂತೆ ಮಾಸ್ಕ್ ಹಾಕಿದರೆ ಮೂರು ನಿಮಿಷ ಚಿಲ್ಲರೆ. ಐದನೇ ಮಹಡಿಯ ರೋಗಿ, ಲಿಫ್ಟ್ ಕಾಯಬೇಕು, ಉದ್ದನೆಯ ಕಾರಿಡಾರ್. ಗಾಡಿ ತಲುಪುವ ಮೊದಲೇ ಮಾಸ್ಕಿನ ಚೀಲ ಚಪ್ಪಟೆಯಾಗುತ್ತದೆ. ಹಾಗಾಗಿ ಅರ್ಧಕ್ಕಿಂತ ಕೆಳಗಿದ್ದರೆ ಸುಮ್ನೆ ಬದಲಿಸಿಬಿಡಿ, ಜೊತೆಗೆ ಇನ್ನೊಂದು ಇಟ್ಟುಕೊಳ್ಳಿ.

ಎರಡನೆಯದು, ರೋಗಿಯ ಗುರುತು. ನನ್ನ ಜೊತೆ ಟ್ರೈನಿಂಗ್‌ನಲ್ಲಿದ್ದ ಒಬ್ಬಳು ಹುಡುಗಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಹಾಸಿಗೆ ನಂಬರ್ ನೋಡಿ ಸ್ಟ್ರೆಚರ್ ಪಕ್ಕಕ್ಕೆ ತಂದಳು. ಅಜ್ಜಿಯೂ ಹೆಸರು ಕರೆದದ್ದಕ್ಕೆ ತಲೆ ಆಡಿಸಿದರು. ಕೈಪಟ್ಟಿ ನೋಡು ಅಂದೆ. ಹೆಸರು ಬೇರೆ. ಬೆಳಗ್ಗೆ ಹಾಸಿಗೆ ಬದಲಿಸಿದ್ದರು, ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಂದಿನಿಂದ ಅವಳು ಕೈಪಟ್ಟಿ, ಹುಟ್ಟಿದ ದಿನ, ಕಾಗದ ಮೂರನ್ನೂ ಹೋಲಿಸದೆ ಯಾರನ್ನೂ ಎತ್ತುವುದಿಲ್ಲ. ಹೊರಡುವ ಮೊದಲು ಡಿಎನ್‌ಆರ್ (ಹೃದಯ ನಿಂತರೆ ಸಿಪಿಆರ್ ಬೇಡ ಎಂಬುದು) ಅಥವಾ ಪೋಲ್ಸ್ಟ್ (ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದು) ಕಾಗದ ಇದೆಯಾ ಕೇಳಿ, ಇದ್ದರೆ ಸಹಿ ಇರುವ ಪ್ರತಿ ನಿಮ್ಮ ಕೈಯಲ್ಲೇ ಇರಲಿ. ದಾರಿಯಲ್ಲಿ ಹೃದಯ ನಿಂತರೆ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ.

ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಜೊತೆಯವರು ಇಳಿದು ಹಿಂದೆ ನಿಂತು ದಾರಿ ತೋರಿಸಲೇಬೇಕು. ಮಳೆ ಇರಲಿ, ಸುಸ್ತಾಗಿರಲಿ. ಟ್ರೈನರ್ ತಿದ್ದಿದರೆ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದೇ ತಪ್ಪನ್ನು ಎರಡನೇ ಸಲ ತಿದ್ದಿಸಿಕೊಂಡರೂ ಪರವಾಗಿಲ್ಲ. ಮುಚ್ಚಿಟ್ಟ ತಪ್ಪು ಮಾತ್ರ ಕೆಲಸ ಕಳೆಯುತ್ತದೆ.

## ಹಂತ 10: ಆರು ತಿಂಗಳ ನಂತರ

ಆರು ತಿಂಗಳು, ಒಂದು ವರ್ಷದ ಅನುಭವ ಆದ ಮೇಲೆ ಮುಚ್ಚಿದ್ದ ಬಾಗಿಲುಗಳು ತೆರೆಯುತ್ತವೆ. ಆಗ 911 ಸೇವೆಗೆ, ಎಮರ್ಜೆನ್ಸಿ ರೂಮ್‌ಗೆ ಮತ್ತೆ ಅರ್ಜಿ ಹಾಕಿ. ಪ್ಯಾರಾಮೆಡಿಕ್ ಆಗುವ ಆಸೆ ಇದ್ದರೆ ಶಾಲೆಗಳು ಎಷ್ಟು ಗಂಟೆಯ ಅನುಭವ ಕೇಳುತ್ತವೆ ಎಂದು ಈಗಲೇ ತಿಳಿದು, ಪಾಳಿಗಳ ಲೆಕ್ಕ ಬರೆದಿಡಿ. ಆರೋಗ್ಯ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಿಎಎಎಚ್‌ಇಪಿ ಸಂಸ್ಥೆಯ ಮಾನ್ಯತೆ ಇಲ್ಲದ, ಅದರ ದಾರಿಯಲ್ಲೂ ಇಲ್ಲದ ಶಾಲೆಗೆ ದುಡ್ಡು ಕಟ್ಟಬೇಡಿ. ಅಲ್ಲಿ ಓದಿದರೆ ನ್ಯಾಷನಲ್ ರಿಜಿಸ್ಟ್ರಿಯ ಪ್ಯಾರಾಮೆಡಿಕ್ ಪರೀಕ್ಷೆಗೆ ಕೂರಲು ಆಗದೇ ಹೋಗಬಹುದು.

ಇಎಂಟಿ ಸರ್ಟಿಫಿಕೇಟನ್ನು ಸುಮಾರು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವಧಿ ಮುಗಿಯುವುದು ಮಾರ್ಚ್ 31ಕ್ಕೆ. ಅದಕ್ಕೆ 40 ಗಂಟೆಯ ಮುಂದುವರಿದ ಓದು ಬೇಕು. ಎಲ್ಲವನ್ನೂ ಕೊನೆಯ ಫೆಬ್ರವರಿಗೆ ಇಟ್ಟುಕೊಂಡು, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ತೂಕಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ತಿಂಗಳಿಗೆ ಎರಡು ಗಂಟೆ ಸಾಕು. ಪ್ರತಿ ತರಗತಿಯ ಸರ್ಟಿಫಿಕೇಟನ್ನೂ ಅದೇ ಹಳೆಯ ಫೋಲ್ಡರ್‌ಗೆ ಹಾಕಿಡಿ. ರಾಜ್ಯದ ಲೈಸೆನ್ಸ್ ಮುಗಿಯುವ ದಿನ ಬೇರೆ ಇರುತ್ತದೆ, ಅದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.